ದಾನಶೂರ ಭಾವ

ನಮ್ಮ ನಾಡಿನಲ್ಲಿ ದಾನಿಗಳಿಗೇನೂ ಬರವಿಲ್ಲ. ದೇವಸ್ಥಾನದ ಫ್ಯಾನಿನ ಒಂದು ರೆಕ್ಕೆಯ ಮೇಲೆ ದಾನಿಯ ಹೆಸರು, ಇನ್ನೊಂದರ ಮೇಲೆ ತಂದೆಯ ಹೆಸರು, ಮೂರನೆಯದರ ಮೇಲೆ ಊರು. ಫ್ಯಾನು ತಿರುಗಿದರೆ ಹೆಸರು ಕಾಣುವುದಿಲ್ಲವೆಂದು ಬಿರುಬೇಸಗೆಯಲ್ಲೂ ಸ್ವಿಚ್ ಆರಿಸಿ, ಬೆವರೊರೆಸುತ್ತ ಕೂತು ಮಂಗಳಾರತಿ ತೆಗೆದುಕೊಂಡು ಹೋಗುವ ದಾನಿಗಳುಂಟು. ಆದರೆ ವಾರ ತಪ್ಪದೆ, ರಸೀದಿ ಕೇಳದೆ, ತೆಗೆದುಕೊಂಡವನ ಗೋತ್ರ ಸೂತ್ರ ವಿಚಾರಿಸದೆ ಕೊಡುತ್ತಲೇ ಬಂದಿರುವ ಒಂದು ವರ್ಗ ನಮ್ಮ ನಡುವೆಯೇ ಇದೆ. ಅವರ ಹೆಸರು ಯಾವ ರೆಕ್ಕೆಯ ಮೇಲೂ ಇಲ್ಲ. ಅವರು ಹವ್ಯಾಸಿ ಪೋಕರ್ ಆಟಗಾರರು. ಆ ವರ್ಗಕ್ಕೆ ಶಿರೋಮಣಿಯಂತಿರುವ ಮಹನೀಯರು ನನ್ನ ಅಕ್ಕನ ಗಂಡ. ಅವರ ಗುಣಗಾನ ಮಾಡಲು ಇನ್ನಾರೂ ಮುಂದೆ ಬಾರದ ಕಾರಣ ಆ ಪುಣ್ಯ ನನ್ನ ಪಾಲಿಗೆ ಬಂದಿದೆ.

ಕರ್ಣನ ಜೊತೆ ಅವರನ್ನು ಹೋಲಿಸುವವರಿದ್ದಾರೆ. ನನಗದು ಒಪ್ಪಿಗೆಯಿಲ್ಲ. ಕವಚ ಕುಂಡಲ ಬೇಡಲು ಬರುವ ಬ್ರಾಹ್ಮಣ ಇಂದ್ರನೆಂದು ಸೂರ್ಯ ಮೊದಲೇ ಕರ್ಣನ ಕಿವಿಯಲ್ಲಿ ಹೇಳಿದ್ದ. ಕೊಟ್ಟದ್ದಕ್ಕೆ ಬದಲಾಗಿ ಕರ್ಣ ಶಕ್ತ್ಯಾಯುಧವನ್ನೂ ಕೇಳಿ ಪಡೆದ. ಅಂದರೆ ಅಲ್ಲೊಂದು ವ್ಯವಹಾರವಿತ್ತು. ಭಾವ ಬದಲಿಗೆ ಏನನ್ನೂ ಪಡೆದವರಲ್ಲ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು ಎನ್ನುತ್ತಾರಲ್ಲ, ಭಾವನವರಲ್ಲಿ ಅದು ಬಲಗೈಗೇ ತಿಳಿದಿರುವುದಿಲ್ಲ.

ಅವರು ವೃತ್ತಿಯಲ್ಲಿ ಲೆಕ್ಕಪರಿಶೋಧಕರು. ಮಾರ್ಚ್ ಮುಗಿದ ಮೇಲೆ ಅವರು ಬ್ಯಾಂಕಿನ ಶಾಖೆಯೊಂದಕ್ಕೆ ಹೋಗಿ ಕುರ್ಚಿ ಎಳೆದುಕೊಂಡು ಕೂತರೆ ಮ್ಯಾನೇಜರ ಬಾಯಿ ಒಣಗುತ್ತದೆ. ಸಾಲದ ಕಂತು 90 ದಿನ ಮೀರಿ ಬಾಕಿ ಉಳಿದಿದೆಯೋ, ಅದು ಎನ್‌ಪಿಎ. ಸಾಲಗಾರನ ಕಣ್ಣೀರು, ಮ್ಯಾನೇಜರ ಬಿಸ್ಕತ್ತು, ಯಾವುದೂ ನಡೆಯುವುದಿಲ್ಲ. ಹೋಟೆಲಿನ ಬಿಲ್ಲಿನಲ್ಲಿ ಎರಡು ರೂಪಾಯಿ ಹೆಚ್ಚು ಬಿದ್ದಿದ್ದರೆ ಕ್ಯಾಶಿಯರನ್ನು ಎಬ್ಬಿಸಿ ನಿಲ್ಲಿಸಿ ಕೂಡಿಸಿ ತೋರಿಸುತ್ತಾರೆ. ಸೊಪ್ಪಿನವಳ ಹತ್ತಿರ ಕಂತೆಗೆ ಇಷ್ಟೇ ಎಂದು ನಿಂತವರು ನಿಂತೇ ಇರುತ್ತಾರೆ. ಆರು ದಿನ ಹೀಗೆ ಬಿಗಿಹಿಡಿದ ಮುಷ್ಟಿ ಶನಿವಾರ ಸಂಜೆ ಏಳಕ್ಕೆ ಸಡಿಲವಾಗುತ್ತದೆ. ಸಂಕುಚಿತ ಮನಸ್ಸಿನವರು ಇದನ್ನು ವಿರೋಧಾಭಾಸ ಎನ್ನಬಹುದು. ನಾನು ಸಮತೋಲನ ಎನ್ನುತ್ತೇನೆ.

ಆಟ ಗೊತ್ತಿಲ್ಲದವರಿಗಾಗಿ ನಾಲ್ಕು ಮಾತು. ಇವರಾಡುವುದು ಟೆಕ್ಸಾಸ್ ಹೋಲ್ಡೆಮ್. ಒಬ್ಬೊಬ್ಬರಿಗೂ ಎರಡೆರಡು ಎಲೆ, ಗುಟ್ಟಾಗಿ. ಮೇಜಿನ ನಡುವೆ ಐದು ಎಲೆ, ಎಲ್ಲರಿಗೂ ಸೇರಿದ್ದು. ಮೊದಲು ಮೂರು ಒಟ್ಟಿಗೆ ಬೀಳುತ್ತವೆ, ಅದು ಫ್ಲಾಪ್. ಆಮೇಲೊಂದು, ಟರ್ನ್. ಕೊನೆಯದು ರಿವರ್. ಈ ಏಳರಲ್ಲಿ ಒಳ್ಳೆಯ ಐದನ್ನು ಆರಿಸಿಕೊಂಡು ಯಾರ ಕೈ ಮೇಲಾಯಿತೋ ಅವನು ದುಡ್ಡು ಬಾಚಿಕೊಳ್ಳುತ್ತಾನೆ. ಪ್ರತಿ ಹಂತದಲ್ಲೂ ಪಣ ಏರಿಸಬಹುದು, ಸರಿಗಟ್ಟಿ ಕಾಲ್ ಮಾಡಬಹುದು, ಇಲ್ಲವೇ ಎಲೆ ಮಗುಚಿಟ್ಟು ಸುಮ್ಮನಾಗಬಹುದು. ಈ ಕೊನೆಯದನ್ನು ನಮ್ಮ ಮೂರೆಲೆ ಆಡುವವರು ಪ್ಯಾಕ್ ಎನ್ನುತ್ತಾರೆ. ಭಾವನವರಿಗೆ ಈ ಸೌಲಭ್ಯದ ಪರಿಚಯವಿಲ್ಲ.

52 ಎಲೆಗಳಲ್ಲಿ ಎರಡನ್ನು ಹಿಡಿಯುವ ಬಗೆ 1,326. ಒಂಬತ್ತು ಜನರ ಮೇಜಿನಲ್ಲಿ ಪಳಗಿದ ಆಟಗಾರ ಐದು ಸಲದಲ್ಲಿ ನಾಲ್ಕು ಸಲ ಎಲೆ ನೋಡಿ, ಮೂಗು ಮುರಿದು, ಆಚೆಗೆ ತಳ್ಳುತ್ತಾನೆ. ನನಗೆ ಇದರಲ್ಲಿ ಹಳೆಯ ಕಾಲದ ಜಮೀನ್ದಾರಿ ದರ್ಪ ಕಾಣುತ್ತದೆ. ಎಕ್ಕ, ರಾಜ, ರಾಣಿ ಬಂದರೆ ಮಾತ್ರ ಒಳಗೆ ಕರೆಯುವುದು, ಏಳು ಎರಡು ಬಂದರೆ ಬಾಗಿಲಲ್ಲೇ ಮಾತಾಡಿಸಿ ಕಳಿಸುವುದು. ಭಾವನವರಲ್ಲಿ ಈ ಭೇದವಿಲ್ಲ. ಜಾತಿ ಬೇರೆ ಬೇರೆಯಾದ ಏಳು-ಎರಡು ಈ ಆಟದ ಅತಿ ದರಿದ್ರ ಕೈ ಎಂದು ಜಗತ್ತೇ ಒಪ್ಪಿದೆ. ಅದು ಬಂದರೂ ಅವರು ಮುಖ ಸಿಂಡರಿಸುವುದಿಲ್ಲ. ಮನೆಗೆ ಬಂದವರನ್ನು ಕಾಫಿ ಕೊಡದೆ ಕಳಿಸಲಾದೀತೇ ಎಂಬ ಧಾಟಿಯಲ್ಲಿ ಚಿಪ್ಪು ಮುಂದೆ ತಳ್ಳುತ್ತಾರೆ.

ಹತ್ತು-ಎರಡು ಬಂದರಂತೂ ಅವರ ಭಕ್ತಿ ನೋಡಬೇಕು. ಇದಕ್ಕೆ ಆಧಾರವಿದೆ. ಡಾಯ್ಲ್ ಬ್ರನ್ಸನ್ ಎಂಬ ಅಮೆರಿಕದ ಹಿರಿಯ ಆಟಗಾರ 1976ರಲ್ಲಿ ಪೋಕರ್ ವಿಶ್ವಸರಣಿಯ ಮುಖ್ಯ ಪಂದ್ಯವನ್ನು ಗೆದ್ದಾಗ ಕೊನೆಯ ಆಟದಲ್ಲಿ ಅವನ ಕೈಯಲ್ಲಿದ್ದದ್ದು ಹತ್ತು-ಎರಡು. ಮರುವರ್ಷವೂ ಗೆದ್ದ. ಆಗಲೂ ಹತ್ತು-ಎರಡೇ. ಆ ಕೈಗೆ ಇವತ್ತಿಗೂ ಅವನದೇ ಹೆಸರು. ಆ ಎರಡು ಸಲ ಬಿಟ್ಟು ಮಿಕ್ಕ ಅರ್ಧ ಶತಮಾನದಲ್ಲಿ ಹತ್ತು-ಎರಡು ಯಾರ ಯಾರ ಮನೆ ತೊಳೆಯಿತು ಎಂಬುದನ್ನು ಯಾರೂ ಬರೆದಿಡಲಿಲ್ಲ. ಹಾಗಾಗಿ ಭಾವನವರ ದಾಖಲೆಯಲ್ಲಿ ಹತ್ತು-ಎರಡು ಆಡಿದ್ದು ಎರಡು ಸಲ, ಗೆದ್ದದ್ದು ಎರಡು ಸಲ. ಲೆಕ್ಕಪರಿಶೋಧಕರು ದಾಖಲೆಯಿದ್ದುದನ್ನು ಮಾತ್ರ ನಂಬುತ್ತಾರೆ.

ಎಲೆ ಬಿಡದಿರುವುದಕ್ಕೆ ಅವರು ಕೊಡುವ ಇನ್ನೊಂದು ಕಾರಣವನ್ನು ಯಾವ ಪಂಡಿತನೂ ಅಲ್ಲಗಳೆಯಲಾರ. ರಾಯಲ್ ಫ್ಲಶ್, ಅಂದರೆ ಒಂದೇ ಜಾತಿಯ ಎಕ್ಕ, ರಾಜ, ರಾಣಿ, ಗುಲಾಮ, ಹತ್ತು. ಐದೆಲೆ ಹಂಚಿದರೆ ಅದು ಬರುವುದು 6,49,740ರಲ್ಲಿ ಒಂದು ಸಲ. ಏಳೆಲೆಯಲ್ಲಿ ಆರಿಸಿಕೊಳ್ಳುವ ಅವಕಾಶವಿರುವುದರಿಂದ ಈ ಆಟದಲ್ಲಿ 30,940ಕ್ಕೊಂದು. ಆದರೆ ಆ ಏಳೂ ಎಲೆಗಳನ್ನು ನೋಡುವವರೆಗೆ ಕೂತಿರಬೇಕು. "ಎದ್ದು ಹೋದವನಿಗೆ ರಾಯಲ್ ಫ್ಲಶ್ ಬರುತ್ತೇನಯ್ಯಾ?" ಎಂದು ಭಾವ ಕೇಳುತ್ತಾರೆ. ಬರುವುದಿಲ್ಲ, ನಿಜ. ಅವರಿಗೆ ಒಮ್ಮೆ ಬಂದೂ ಬಿಟ್ಟಿತು, ಆಟೀನಿನಲ್ಲಿ. ಒಳ್ಳೆಯ ಎಲೆ ಬಂದರೆ ಭಾವನವರ ಎರಡೂ ಕಿವಿ ಕೆಂಪಗಾಗುತ್ತವೆ ಎಂಬುದು ಮೇಜಿನಲ್ಲಿ ಅವರೊಬ್ಬರನ್ನು ಬಿಟ್ಟು ಮಿಕ್ಕವರಿಗೆಲ್ಲ ಗೊತ್ತು. ಆ ರಾತ್ರಿ ಕಿವಿ ದಾಸವಾಳವಾಗಿತ್ತಂತೆ. ಎಲ್ಲರೂ ಒಬ್ಬರಾದ ಮೇಲೊಬ್ಬರು ಪ್ಯಾಕ್. ಮೇಜಿನ ಮೇಲೆ ಇದ್ದಷ್ಟು ಚಿಲ್ಲರೆ ಅವರದಾಯಿತು. ಸಂಪತ್ತಿಗಾಗಿ ಅವರು ಆಡುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಇನ್ನು ಲೆಕ್ಕದ ವಿಷಯ. ಇಲ್ಲಿ ಭಾವನವರ ಪ್ರತಿಭೆ ಪೂರ್ತಿ ಅರಳುತ್ತದೆ, ಆದ್ದರಿಂದ ಸ್ವಲ್ಪ ನಿಧಾನಿಸುತ್ತೇನೆ.

ಟರ್ನ್ ಬಿದ್ದಿದೆ. ಭಾವನವರ ಕೈ, ಮೇಜು ಎರಡೂ ಸೇರಿ ನಾಲ್ಕು ಆಟೀನು. ಇನ್ನೊಂದು ಬಂದರೆ ಫ್ಲಶ್. ಕಾಣದ ಎಲೆ 46, ಅದರಲ್ಲಿ ಆಟೀನು 9. ಐದು ಸಲದಲ್ಲಿ ಒಂದು ಸಲಕ್ಕೂ ಕೊಂಚ ಕಡಿಮೆ. ಮೇಜಿನ ಮೇಲೆ ಸಾವಿರ ರೂಪಾಯಿ ಇದೆ, ಎದುರಿಗಿದ್ದವನು ಇನ್ನೊಂದು ಸಾವಿರ ಹಾಕುತ್ತಾನೆ. ಈಗ ಭಾವ ಎರಡು ಸಾವಿರದ ಆಸೆಗೆ ಸಾವಿರ ಹೂಡಬೇಕು. 46 ಸಲ ಹೀಗೆಯೇ ಆಡಿದರೆ 9 ಸಲ ಎರಡೆರಡು ಸಾವಿರದಂತೆ 18,000 ಬರುತ್ತದೆ, 37 ಸಲ ಸಾವಿರದಂತೆ 37,000 ಹೋಗುತ್ತದೆ. ನಿವ್ವಳ 19,000. ಸಲವೊಂದಕ್ಕೆ 413 ರೂಪಾಯಿ ದಾನ. ಫ್ಲಶ್ ಕೂಡಿದ ಮೇಲೆ ಎದುರಾಳಿಯಿಂದ ಇನ್ನಷ್ಟು ಕೀಳಬಹುದಲ್ಲ, ಅದನ್ನೇಕೆ ಸೇರಿಸಲಿಲ್ಲ ಎಂದು ಆಟ ಬಲ್ಲವರು ಆಕ್ಷೇಪಿಸಬಹುದು. ಕಿವಿಗಳ ವಿಷಯ ಈಗಾಗಲೇ ಹೇಳಿದ್ದೇನೆ.

ಈ ಲೆಕ್ಕವನ್ನು ಒಮ್ಮೆ ಅವರಿಗೆ ಬರೆದು ತೋರಿಸಿದೆ. ಭಾವ ಕನ್ನಡಕ ಏರಿಸಿ, ಕೂಡಿಸಿದ್ದು ಸರಿಯಿದೆಯೇ ಎಂದು ಪರೀಕ್ಷಿಸಿ, ಸರಿಯಿದೆ ಎಂದು ಪಕ್ಕದಲ್ಲಿ ಹಸಿರು ಶಾಯಿಯ ಟಿಕ್ ಹಾಕಿದರು. ಆಮೇಲೆ ಹೇಳಿದರು, "ಇದೆಲ್ಲ ಮೊದಲನೇ ಸಲ ಆಡೋರಿಗೆ ಕಣಯ್ಯಾ. ನನಗೆ ಮೂರು ವಾರದಿಂದ ಆಟೀನು ಬಂದಿಲ್ಲ. ನನ್ನ ಬಾಕಿ ಇದೆಯಲ್ಲ ಅದರ ಹತ್ತಿರ!"

ನನಗೆ ರೋಮಾಂಚನವಾಯಿತು. ಎಲೆಯ ಕಟ್ಟು ಅವರ ಪಾಲಿಗೆ ಒಬ್ಬ ಸಾಲಗಾರ. ಪ್ರತಿಯೊಂದು ಸೋಲೂ ಅವನ ಖಾತೆಗೆ ಬರೆದ ಸಾಲ. ಕಟ್ಟಿಗೆ ನೆನಪಿಲ್ಲ, ಪ್ರತಿ ಸಲ ಕಲಸಿದಾಗಲೂ ಅದು ಹೊಸದಾಗಿ ಹುಟ್ಟುತ್ತದೆ ಎಂದು ಪಂಡಿತರು ಹೇಳುತ್ತಾರೆ. ಸಾಲಗಾರರಲ್ಲಿ ನೆನಪಿರುವವರು ಯಾರು? ಹಗಲಿನಲ್ಲಿ ಗಡುವು ದಾಟಿದ ಬಡ ರೈತನ ಟ್ರ್ಯಾಕ್ಟರ್ ಸಾಲವನ್ನು ನಿರ್ದಾಕ್ಷಿಣ್ಯವಾಗಿ ಎನ್‌ಪಿಎ ಪಟ್ಟಿಗೆ ತಳ್ಳುವ ಇದೇ ಕೈ, ವರ್ಷಗಟ್ಟಲೆ ಒಂದು ಕಂತೂ ಕಟ್ಟದ ಇಸ್ಪೀಟ್ ಕಟ್ಟಿಗೆ ಮತ್ತೆ ಮತ್ತೆ ಸಾಲ ಕೊಡುತ್ತದೆ. ಇಂಥ ವಿಶ್ವಾಸ ಸಿಕ್ಕಿದ್ದರೆ ಈ ನಾಡಿನ ಯಾವ ರೈತ ತಾನೇ ಉದ್ಧಾರವಾಗುತ್ತಿರಲಿಲ್ಲ?

ಕಾರ್ಡಾನೊ ಎಂಬ ಇಟಲಿಯ ವೈದ್ಯ ಹದಿನಾರನೆಯ ಶತಮಾನದಲ್ಲಿ ತಾನೇ ಜೂಜಾಡಿ, ದಾಳ ಬೀಳುವ ಬಗೆ ಕುರಿತು ಪುಸ್ತಕ ಬರೆದ. ಅದು ಅಚ್ಚಾಗುವ ಹೊತ್ತಿಗೆ, 1663ರಲ್ಲಿ, ಅವನು ಸತ್ತು ಎಂಬತ್ತು ವರ್ಷ ಮೀರಿತ್ತು. 1654ರಲ್ಲಿ ಪಾಸ್ಕಲ್ ಮತ್ತು ಫರ್ಮಾ ಅರ್ಧಕ್ಕೆ ನಿಂತ ಆಟದ ಪಣ ಹಂಚುವುದು ಹೇಗೆಂದು ಒಬ್ಬರಿಗೊಬ್ಬರು ಕಾಗದ ಬರೆದು ಬರೆದು ಒಂದು ಶಾಸ್ತ್ರವನ್ನೇ ಹುಟ್ಟುಹಾಕಿದರು. ಭಾವನವರು ಇದ್ದಿದ್ದರೆ ಅಂಚೆ ಖರ್ಚು ಉಳಿಯುತ್ತಿತ್ತು. "ಬಂದರೆ ಬಂತು, ಬರದಿದ್ದರೆ ಇಲ್ಲ. ಐವತ್ತು-ಐವತ್ತು" ಎಂದು ಅವರು ಚಿಪ್ಪು ತಳ್ಳುವಷ್ಟರಲ್ಲಿ ಆ ಶಾಸ್ತ್ರ ಪೂರ್ತಿ ಮುಗಿದುಹೋಗುತ್ತದೆ.

ಎಕ್ಕದ ಜೋಡಿ ಎಲ್ಲಕ್ಕಿಂತ ದೊಡ್ಡ ಕೈ. 221 ಸಲಕ್ಕೊಮ್ಮೆ ಬರುತ್ತದೆ. ಎದುರಿಗೆ ಒಬ್ಬನೇ ಇದ್ದು, ಅವನ ಕೈಯಲ್ಲಿ ಏನಾದರೊಂದಿದ್ದರೆ ನೂರಕ್ಕೆ 85 ಸಲ ಎಕ್ಕಗಳದೇ ಗೆಲುವು. ಎದುರಿಗೆ ಐವರಿದ್ದು, ಐವರೂ ಕೊನೆಯವರೆಗೆ ಕೂತರೆ ಅದು 49ಕ್ಕೆ ಇಳಿಯುತ್ತದೆ. ಅಂದರೆ ಸೋಲುವುದೇ ಹೆಚ್ಚು. ಪಳಗಿದವರು ಅದಕ್ಕೇ ಮೊದಲೇ ಪಣ ಏರಿಸಿ ಜನ ಕಡಿಮೆ ಮಾಡುತ್ತಾರೆ. ಆದರೆ ಭಾವನವರ ಶನಿವಾರದ ಮನೆಯಾಟದಲ್ಲಿ ಇತ್ತೀಚಿನವರೆಗೆ ಕೂರುತ್ತಿದ್ದ ಆರು ಜನರೂ ಭಾವನವರ ಪಂಥದವರೇ. ಆ ದಾಸವಾಳದ ರಾತ್ರಿಯೊಂದನ್ನು ಬಿಟ್ಟರೆ, ಎಷ್ಟು ಏರಿಸಿದರೂ ಯಾರೂ ಕದಲಿದ್ದಿಲ್ಲ. ಈ ಮೇಜಿನಲ್ಲಿ ಎಕ್ಕಗಳಿಗೆ ಯಾವ ವಿಶೇಷ ಹಕ್ಕೂ ಇಲ್ಲ. ಮೂರು-ಐದು ಎದ್ದು ನಿಂತು ರಾಜರನ್ನು ಕೇಳಬಹುದು, ಕೇಳುತ್ತದೆ, ಬಹಳ ಸಲ ಉತ್ತರವೂ ಸಿಗುತ್ತದೆ. ಸಂಸತ್ತಿನಲ್ಲೂ ಇಷ್ಟು ಪ್ರಜಾಪ್ರಭುತ್ವ ಇದೆಯೋ ಇಲ್ಲವೋ.

ಹೀಗೆ ಮುರಿದ ಎಕ್ಕಗಳಿಂದ ಒಂದು ವಾಙ್ಮಯ ಹುಟ್ಟಿದೆ. ಭಾನುವಾರ ಬೆಳಗ್ಗೆ ಇಡ್ಲಿಯ ಹೊತ್ತಿಗೆ ಭಾವ ಅದರ ವಾಚನ ಮಾಡುತ್ತಾರೆ. ಮದುವೆಯ ದಿನಾಂಕ ಕೇಳಿದರೆ ತಡವರಿಸುವವರು, ಯಾವ ವರ್ಷದ ದೀಪಾವಳಿಯಲ್ಲಿ ಇಸ್ಪೇಟಿನ ಎಕ್ಕ, ಡೈಮನ್ನಿನ ಎಕ್ಕ ಕೈಯಲ್ಲಿದ್ದಾಗ ರಿವರ್‌ನಲ್ಲಿ ಕಳಾವರ ರಾಣಿ ಬಿದ್ದು ಎದುರಿನವನಿಗೆ ಮೂರು ರಾಣಿಯಾಯಿತು ಎಂಬುದನ್ನು ಬಣ್ಣದ ಸಮೇತ ಹೇಳುತ್ತಾರೆ. ಅಕ್ಕ ಚಟ್ನಿಗೆ ಒಗ್ಗರಣೆ ಹಾಕುತ್ತಲೇ ಕೇಳುತ್ತಾಳೆ.

"ಆ ರಾಣಿ ಬರದೇ ಇದ್ದಿದ್ರೆ ಕಣೇ..."

"ಬಂದಳಲ್ಲ. ಇನ್ನೆರಡು ಹಾಕ್ಲಾ?"

"ನೂರಕ್ಕೆ ತೊಂಬತ್ತು ನಂದೇ ಇತ್ತು, ಗೊತ್ತಾ?"

"ಉಳಿದ ಹತ್ತು ಯಾರದ್ದಿತ್ತು?"

ಭಾವ ಉತ್ತರ ಕೊಡುವುದಿಲ್ಲ. ದೊಡ್ಡ ಕಥನಕಾರರು ನಡುವೆ ಬಾಯಿ ಹಾಕುವವರಿಗೆ ಉತ್ತರ ಕೊಡುವುದಿಲ್ಲ.

ಇದೇ ಭಾವ ಏಳು-ಎರಡು ಹಿಡಿದು ಇನ್ನೊಬ್ಬರ ಎಕ್ಕಗಳನ್ನು ಮುರಿದ ಸಂದರ್ಭಗಳೂ ಇವೆ. ಅವು ಭಾನುವಾರದ ವಾಚನದಲ್ಲಿ ಬೇರೆ ಅಧ್ಯಾಯ. ಅಲ್ಲಿ ಅದೃಷ್ಟದ ಮಾತೇ ಬರುವುದಿಲ್ಲ. "ಅವನ ಕಣ್ಣು ನೋಡಿದೆ. ಎಕ್ಕ ಇದೆ, ಆದರೆ ಧೈರ್ಯ ಇಲ್ಲ ಅಂತ ಗೊತ್ತಾಯ್ತು" ಎನ್ನುತ್ತಾರೆ.

ಇಲ್ಲಿ ನಮ್ಮ ನ್ಯಾಯಾಂಗಕ್ಕೆ ಒಂದು ಸಲಹೆ ಕೊಡಬೇಕೆನಿಸುತ್ತದೆ. ಎಲೆಯಾಟ ಕೌಶಲವೋ ಅದೃಷ್ಟವೋ ಎಂದು ಈ ದೇಶದ ಕೋರ್ಟುಗಳು ಅರ್ಧ ಶತಮಾನಕ್ಕೂ ಮೀರಿ ತಲೆ ಕೆಡಿಸಿಕೊಂಡಿವೆ. 1968ರಲ್ಲಿ ಸುಪ್ರೀಂ ಕೋರ್ಟು, ರಮ್ಮಿಯಲ್ಲಿ ಬಿದ್ದ ಎಲೆ ನೆನಪಿಡಬೇಕು, ಕೂಡಿಸಬೇಕು, ಬಿಡಬೇಕು, ಆದ್ದರಿಂದ ಅದು ಹೆಚ್ಚಾಗಿ ಕೌಶಲದ ಆಟ, ಮೂರೆಲೆಯಂತೆ ಬರೀ ಅದೃಷ್ಟದ್ದಲ್ಲ ಎಂದಿತು. ಪೋಕರ್ ಅನ್ನು ಕೌಶಲದ ಆಟವಾಗಿ ಆಡುವುದಾದರೆ ಪರವಾನಗಿ ಬೇಡ ಎಂದು 2013ರಲ್ಲಿ ಕರ್ನಾಟಕ ಹೈಕೋರ್ಟು ಹೇಳಿತು. 2017ರಲ್ಲಿ ಗುಜರಾತ್ ಹೈಕೋರ್ಟು ಅದೇ ಪೋಕರ್ ಅದೃಷ್ಟದಾಟ, ಜೂಜು ಎಂದಿತು. 2021ರಲ್ಲಿ ನಮ್ಮ ಸರ್ಕಾರ ಪೊಲೀಸ್ ಕಾಯ್ದೆ ತಿದ್ದಿ ಆನ್‌ಲೈನಿನಲ್ಲಿ ಹಣ ಕಟ್ಟಿ ಆಡುವುದನ್ನು ನಿಷೇಧಿಸಿತು. 2022ರ ಫೆಬ್ರವರಿ 14ರಂದು, ಪ್ರೇಮಿಗಳ ದಿನವೇ, ಹೈಕೋರ್ಟು ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ರದ್ದು ಮಾಡಿತು. ಎಷ್ಟು ವಕೀಲರು, ಎಷ್ಟು ಕಡತ, ಎಷ್ಟು ವಾಯಿದೆ! ಭಾವ ಇದನ್ನು ಮನೆಗೆ ಬರುವ ಆಟೋದಲ್ಲೇ ತೀರ್ಮಾನಿಸುತ್ತಾರೆ. ಗೆದ್ದ ರಾತ್ರಿ ಅವರು ಬೆಂಗಳೂರಿನ ಹೈಕೋರ್ಟು, ಸೋತ ರಾತ್ರಿ ಅಹಮದಾಬಾದಿನದು. ಅಹಮದಾಬಾದಿನ ಪೀಠ ಹೆಚ್ಚು ದಿನ ಕಲಾಪ ನಡೆಸುತ್ತದೆ ಎಂಬುದು ಬೇರೆ ಮಾತು.

ತಿಂಗಳಿಗೊಮ್ಮೆ ಭಾವ ಮನೆಯಾಟ ಬಿಟ್ಟು ಊರಿನ ಒಂದು ಕ್ಲಬ್ಬಿಗೆ ಹೋಗುತ್ತಾರೆ. ನಾನೂ ಜೊತೆಗೆ ಹೋಗಿ ನೋಡಿದ್ದೇನೆ. ಆ ಗೌರವ ಅವರಿಗೆ ಕಚೇರಿಯಲ್ಲಿಲ್ಲ, ಬೀಗರ ಮನೆಯಲ್ಲಿಲ್ಲ, ನಮ್ಮ ಮನೆಯಲ್ಲಂತೂ ಇಲ್ಲವೇ ಇಲ್ಲ. ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ಟೋಪಿ ಹಣೆಗೆಳೆದು, ಯಾರ ಮುಖವನ್ನೂ ನೋಡದೆ ಕೂತಿರುವ ಇಪ್ಪತ್ತೈದರ ಹುಡುಗರು ಭಾವನವರು ಬಾಗಿಲಲ್ಲಿ ಕಂಡೊಡನೆ ಹೆಡ್‌ಫೋನ್ ತೆಗೆಯುತ್ತಾರೆ. ಒಬ್ಬ ಕುರ್ಚಿ ಸರಿಸುತ್ತಾನೆ. ಇನ್ನೊಬ್ಬ, "ಸರ್, ಕಳೆದ ಸಲ ನೀವು ಆಡಿದ ಆ ಆರು-ಮೂರು ಇನ್ನೂ ಕಣ್ಣಲ್ಲಿ ಕಟ್ಟಿದ ಹಾಗಿದೆ ಸರ್" ಎನ್ನುತ್ತಾನೆ. ಅವರ ಎಡಪಕ್ಕದ ಕುರ್ಚಿಗೆ ಸಣ್ಣ ನೂಕಾಟವೇ ಆಗುತ್ತದೆ. ಭಾವ ಟೀ ಕುಡಿಯಲು ಎದ್ದರೆ ಯಾರಿಗೂ ಆಡುವ ಮನಸ್ಸಿರುವುದಿಲ್ಲ. ಮನೆಗೆ ಹೊರಟರೆ ಅರ್ಧ ಗಂಟೆಯಲ್ಲಿ ಮೇಜೇ ಮುರಿದುಬೀಳುತ್ತದೆ. ಆ ಮೇಜಿನಲ್ಲಿ ಯಾರೂ ಯಾರ ತಪ್ಪನ್ನೂ ತಿದ್ದುವುದಿಲ್ಲ. ಏಳು-ಎರಡರಲ್ಲಿ ಸರ್ವಸ್ವ ತಳ್ಳಿದಾಗಲೂ "ಒಳ್ಳೇ ಕಾಲ್ ಸರ್, ಬ್ಯಾಡ್ ಲಕ್" ಎಂಬ ಸಾಂತ್ವನವೇ ಹೊರತು ಒಂದು ಬಿರುನುಡಿ ಇಲ್ಲ. ಐವತ್ತು ದಾಟಿದ ಗಂಡಸಿಗೆ ಇಂಥ ಸಂಸ್ಕಾರವಂತ ಯುವಜನರ ಸಹವಾಸ ಇನ್ನೆಲ್ಲಿ ಸಿಗಬೇಕು?

ಬೆನ್ನ ಹಿಂದೆ ಅವರನ್ನು ಮೀನು ಎನ್ನುತ್ತಾರಂತೆ. ಎನ್ನಲಿ. ದಶಾವತಾರದಲ್ಲಿ ಮೊದಲನೆಯದೇ ಮೀನು. ಪೋಕರ್ ಹೊಸ ದುಡ್ಡು ಹುಟ್ಟಿಸುವ ಯಂತ್ರವಲ್ಲ. ಗೆದ್ದವರೆಲ್ಲರ ಗೆಲುವು, ಪ್ರತಿ ಆಟದಲ್ಲೂ ಕ್ಲಬ್ಬು ಎತ್ತಿಕೊಳ್ಳುವ ಪಾಲು, ಇವೆರಡನ್ನೂ ಕೂಡಿಸಿದರೆ ಸೋತವರ ಸೋಲಿಗೆ ಪೈಸೆ ಬಿಡದೆ ಸರಿಹೋಗುತ್ತದೆ. ಆ ಹುಡುಗರ ಬಾಡಿಗೆ, ಬೈಕಿನ ಕಂತು, ಎಲೆ ಹಂಚುವ ಹುಡುಗಿಯ ಸಂಬಳ, ಮೂಲೆಯ ಏಸಿಯ ಕರೆಂಟು, ಎಲ್ಲಕ್ಕೂ ಆಧಾರಸ್ತಂಭ ಒಬ್ಬರೇ. ಜಮಾ-ಖರ್ಚು ಎರಡೂ ಬದಿ ಸರಿದೂಗಬೇಕೆಂಬ ವೃತ್ತಿಧರ್ಮವನ್ನು ಭಾವ ಇಲ್ಲಿಯೂ ಬಿಟ್ಟಿಲ್ಲ. ಒಂದು ಬದಿಗೆ ಅವರೇ ಸಾಕು.

ದೇಶಕ್ಕೆ ಸಲ್ಲಿಸಿದ ಸೇವೆ ಬೇರೆ. 2023ರ ಏಪ್ರಿಲ್‌ನಿಂದ ಆನ್‌ಲೈನ್ ಆಟದಲ್ಲಿ ನಿವ್ವಳ ಗೆದ್ದದ್ದರ ಮೇಲೆ ಶೇ. 30 ಟಿಡಿಎಸ್ ಬಂತು. ಭಾವನವರಿಗೆ ಅದರ ಬಾಧೆ ತಟ್ಟಲಿಲ್ಲ, ಕಾರಣ ಓದುಗರು ಊಹಿಸಬಲ್ಲರು. ಅದೇ ಅಕ್ಟೋಬರ್‌ನಿಂದ ಆಡಲು ಹಾಕುವ ಪೂರ್ತಿ ಮೊತ್ತದ ಮೇಲೇ ಶೇ. 28 ಜಿಎಸ್‌ಟಿ ಬಂದಾಗ ಅವರ ದೇಶಸೇವೆಗೆ ದಾರಿ ತೆರೆಯಿತು. ಎದುರಾಳಿಗೆ ಸೋಲುವ ಮೊದಲೇ ಖಜಾನೆಗೆ ಸೋಲುವ ಈ ಏರ್ಪಾಡು ಅವರಿಗೆ ಬಹಳ ಹಿಡಿಸಿತ್ತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಕೌಶಲವಿರಲಿ ಅದೃಷ್ಟವಿರಲಿ, ಹಣವಿಟ್ಟು ಆಡುವ ಆನ್‌ಲೈನ್ ಆಟವೇ ಕೂಡದು ಎಂದು ಕಾನೂನು ಮಾಡಿದ ಮೇಲೆ ಆ ಸೇವೆ ನಿಂತುಹೋಯಿತು. ಈಗ ಮೊಬೈಲಿನಲ್ಲಿ ಬಿಟ್ಟಿ ಚಿಪ್ಪು ಇಟ್ಟುಕೊಂಡು ಆಡುತ್ತಾರೆ. ಆಟದಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸವಾಗಿಲ್ಲ. ದುಡ್ಡಿದ್ದಾಗ ಹೇಗೋ ದುಡ್ಡಿಲ್ಲದಾಗಲೂ ಹಾಗೆಯೇ ಆಡುವುದಕ್ಕೆ ಗೀತೆಯಲ್ಲಿ ಒಂದು ಹೆಸರಿದೆ.

ಹಿಂದೆ ಇಂಥವರು ಆಗಿಹೋಗಿಲ್ಲವೆಂದಲ್ಲ. ಧರ್ಮರಾಯ ದ್ಯೂತಪ್ರಿಯ, ಆದರೆ ಅವನಿಗೆ ಆಡಲು ಬಾರದು ಎಂದು ಶಕುನಿ ದುರ್ಯೋಧನನಿಗೆ ಒಂದೇ ಮಾತಿನಲ್ಲಿ ಹೇಳಿಬಿಡುತ್ತಾನೆ. ಆಟಗಾರನೊಬ್ಬನ ಬಗ್ಗೆ ಇಷ್ಟು ಚುಟುಕಾದ, ಇಷ್ಟು ಪೂರ್ಣವಾದ ಟಿಪ್ಪಣಿ ಮತ್ತೆ ಬಂದಿಲ್ಲ. ರಾಜ್ಯ, ತಮ್ಮಂದಿರು, ಹೆಂಡತಿ ಎಲ್ಲ ಹೋಗಿ ಕಾಡು ಸೇರಿದ ಮೇಲೆ ಬೃಹದಶ್ವ ಎಂಬ ಋಷಿ ಬಂದು ಅವನಿಗೆ ನಳನ ಕತೆ ಹೇಳುತ್ತಾನೆ. ಆ ನಳನೂ ಜೂಜಿನಲ್ಲಿ ಕಳೆದುಕೊಂಡವನೇ. ಋತುಪರ್ಣ ಎಂಬ ರಾಜ ರಥದಲ್ಲಿ ಹೋಗುತ್ತ ದಾರಿಬದಿಯ ತಾರೆಮರದ ಎಲೆ, ಕಾಯಿಗಳ ಎಣಿಕೆಯನ್ನು ನಿಂತಲ್ಲೇ ಹೇಳುತ್ತಾನೆ. ನಳ ನಂಬದೆ ಇಳಿದು ಎಣಿಸಿದರೆ ಸರಿಯಾಗಿಯೇ ಇರುತ್ತದೆ. ಆ ಎಣಿಕೆಯ ವಿದ್ಯೆಯೇ ದಾಳದ ವಿದ್ಯೆ, ಅಕ್ಷಹೃದಯ. ಅದನ್ನು ಕಲಿತ ನಳ ಕಳೆದದ್ದನ್ನು ಗೆದ್ದುಕೊಂಡ. ಕತೆ ಮುಗಿಸಿ ಬೃಹದಶ್ವ ಧರ್ಮರಾಯನಿಗೂ ಅದನ್ನು ಕಲಿಸಿಕೊಟ್ಟ. ಹೀಗೆ ಕಲಿತದ್ದರಿಂದಲೇ ಅಜ್ಞಾತವಾಸದಲ್ಲಿ ಧರ್ಮರಾಯ ಕಂಕಭಟ್ಟನಾಗಿ ವಿರಾಟನ ಜೊತೆ ಪಗಡೆಯಾಡುವ ಕೆಲಸಕ್ಕೆ ಸೇರಿದ್ದು.

ಈ ಕತೆಯಲ್ಲಿ ಮೂರು ಪಾಠಗಳಿವೆ, ಎಣಿಸಲು ಕಲಿಯಬೇಕು, ಗುರು ಬೇಕು, ಆಮೇಲೆ ಆಡಬೇಕು ಎಂದು ನಾನು ಭಾವನವರಿಗೆ ವಿವರಿಸಿದೆ. ಅವರು ಕೇಳಿಸಿಕೊಂಡದ್ದು ಕೊನೆಯ ಭಾಗವನ್ನು. "ನೋಡಿದೆಯಾ? ಗೆದ್ದ ಶಕುನಿಗೆ ಅರಮನೆಯಲ್ಲಿ ಕೆಲಸ ಸಿಗಲಿಲ್ಲ. ಸೋತವನಿಗೇ ಸಿಕ್ಕಿದ್ದು. ಅನುಭವ ಅಂದರೆ ಅದು" ಎಂದರು. ಅಕ್ಕ ಅಡುಗೆಮನೆಯಿಂದಲೇ, "ಕಾಡಿಗೆ ಹೋಗೋದು ಯಾವಾಗ ಅಂತ ಮುಂಚೆ ಹೇಳಿ, ಗ್ಯಾಸ್ ಬುಕ್ ಮಾಡೋದು ಬಿಡ್ತೀನಿ" ಎಂದಳು.

ಭಾವನವರ ಪೂಜಾಕೋಣೆಗೆ ಸೇರಬೇಕಾದ ಇನ್ನೊಬ್ಬನೆಂದರೆ ಕ್ರಿಸ್ ಮನಿಮೇಕರ್. ಹುಟ್ಟುಹೆಸರೇ ಅದು. ಅಮೆರಿಕದ ಟೆನೆಸ್ಸೀಯ ಅಕೌಂಟೆಂಟು. 2003ರಲ್ಲಿ, ಹತ್ತು ಸಾವಿರ ಡಾಲರ್ ಪ್ರವೇಶದ ವಿಶ್ವಸರಣಿ ಪಂದ್ಯಕ್ಕೆ, ಆನ್‌ಲೈನಿನಲ್ಲಿ ನೂರು ಡಾಲರಿಗೂ ಕಡಿಮೆಯ ಅರ್ಹತಾ ಆಟ ಗೆದ್ದು ಬಂದ. 839 ಜನರಲ್ಲಿ ಅವನೇ ಕೊನೆಗುಳಿದು 25 ಲಕ್ಷ ಡಾಲರ್ ಹೊತ್ತುಕೊಂಡು ಹೋದ. "ಅವನೂ ಲೆಕ್ಕಪತ್ರದವನು, ನಾನೂ ಲೆಕ್ಕಪತ್ರದವನು" ಎಂದು ಭಾವ ಹೇಳುವಾಗ ಅವರ ಕಂಠ ಗದ್ಗದವಾಗುತ್ತದೆ. ಮಿಕ್ಕ 838 ಜನರಲ್ಲೂ ಲೆಕ್ಕಪತ್ರದವರು ಕೆಲವರಿದ್ದಿರಬೇಕು, ಅವರ ಬಗ್ಗೆ ಭಾವ ವಿಚಾರಿಸಿಲ್ಲ. ಮೂರೇ ವರ್ಷದಲ್ಲಿ, 2006ರಲ್ಲಿ, ಅದೇ ಪಂದ್ಯಕ್ಕೆ 8,773 ಜನ ಬಂದರು. ಒಬ್ಬ ಗೆದ್ದ, 8,772 ಜನ ಕೊಟ್ಟರು. ಒಬ್ಬ ಅಕೌಂಟೆಂಟಿನ ಗೆಲುವಿನಿಂದ ಪ್ರೇರಿತವಾಗಿ ಇಷ್ಟು ವೇಗದಲ್ಲಿ ಬೆಳೆದ ದಾನಧರ್ಮದ ಚಳವಳಿ ಇನ್ನೊಂದನ್ನು ನಾನು ಕಾಣೆ.

ಇತ್ತೀಚೆಗೆ ಭಾವ ವಿದ್ಯಾದಾನಕ್ಕೂ ಕೈ ಹಾಕಿದ್ದಾರೆ. ಮನೆಯಾಟದ ಒಬ್ಬರು ಹೈದರಾಬಾದಿಗೆ ವರ್ಗವಾಗಿ ಹೋದಾಗ ಆ ಜಾಗಕ್ಕೆ ಪಕ್ಕದ ಬೀದಿಯ ಹುಡುಗನೊಬ್ಬ ಬಂದ. ಸಂಖ್ಯಾಶಾಸ್ತ್ರದಲ್ಲಿ ಎಂ.ಎಸ್ಸಿ. ಓದುತ್ತಿದ್ದಾನೆ. ಮಾತಿಲ್ಲ ಕತೆಯಿಲ್ಲ. ಬಂದ ಎಲೆಗಳನ್ನೆಲ್ಲ ಪ್ಯಾಕ್ ಮಾಡುತ್ತ, ಕೊಟ್ಟ ಬೋಂಡ ತಿನ್ನುತ್ತ ಕೂತಿರುತ್ತಾನೆ. ಗಂಟೆಗೊಂದೆರಡು ಸಲ ಆಡುತ್ತಾನೆ. ರಾತ್ರಿ ಕೊನೆಗೆ ಹೇಗೋ ಎಲ್ಲರಿಗಿಂತ ಹೆಚ್ಚು ಚಿಪ್ಪು ಅವನ ಮುಂದಿರುತ್ತದೆ. "ಪಾಪ, ಅದೃಷ್ಟ ಇದೆ, ಆಡೋಕೆ ಬರಲ್ಲ" ಎಂದು ಭಾವ ಮರುಗಿ, ಅವನಿಗೆ ಆಟದ ಒಳಗುಟ್ಟು ಹೇಳಿಕೊಡಲು ಒಪ್ಪಿಕೊಂಡಿದ್ದಾರೆ. ಯಾವ ಕೈಯಲ್ಲಿ ತಾವು ಏರಿಸುತ್ತೇವೆ, ಯಾವುದರಲ್ಲಿ ಸುಮ್ಮನೆ ಕಾಲ್ ಮಾಡುತ್ತೇವೆ, ಬುರುಡೆ ಬಿಡುವಾಗ ಎಷ್ಟು ಚಿಪ್ಪು ತಳ್ಳುತ್ತೇವೆ, ಎಲ್ಲವನ್ನೂ ಮುಚ್ಚುಮರೆಯಿಲ್ಲದೆ ಬಿಡಿಸಿ ಹೇಳುತ್ತಾರೆ. ಹುಡುಗ ಒಂದು ನೋಟ್‌ಬುಕ್ ಇಟ್ಟಿದ್ದಾನೆ. ಅಷ್ಟನ್ನೂ ದಿನಾಂಕ ಸಮೇತ ಬರೆದುಕೊಳ್ಳುತ್ತಾನೆ. ಹೋದ ಶನಿವಾರ ಹೊರಡುವಾಗ ಬಾಗಿಲಲ್ಲಿ ಬಗ್ಗಿ ಭಾವನವರ ಕಾಲು ಮುಟ್ಟಿ ನಮಸ್ಕಾರ ಮಾಡಿದ. ಅಕ್ಕ ಚಿಲಕ ಹಾಕಲು ನಿಂತಿದ್ದವಳು ಅವನನ್ನೇ ನೋಡುತ್ತಿದ್ದಳು.

"ಮುಂದಿನ ವಾರ ತಪ್ಪಿಸಲ್ಲ ತಾನೇ ಅಂಕಲ್?" ಎಂದು ಕೇಳಿದ ಹುಡುಗ.

"ನಾನೆಲ್ಲಿ ತಪ್ಪಿಸ್ತೀನೋ! ಈ ಸಲ ಬ್ಲಫ್ ಹೇಳ್ಕೊಡ್ತೀನಿ, ಸ್ವಲ್ಪ ಜಾಸ್ತಿ ದುಡ್ಡು ತಗೊಂಡು ಬಾ" ಎಂದರು ಭಾವ.